ಮನೆಯವರಿಗೆ ಮಾತ್ರ ಕಾಣುವ ಗಾಯ

ಶೂಲಗಿರಿಯ ಹತ್ತಿರವೋ ಬರಗೂರಿನ ಹತ್ತಿರವೋ ಹೆದ್ದಾರಿಯಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಯಾರದಾದರೂ ತಲೆಗೆ ಜೋರು ಪೆಟ್ಟು ಬಿದ್ದರೆ, ತಮಿಳುನಾಡು ಗಡಿಯ ಕನ್ನಡ ಮನೆಗಳಲ್ಲಿ ಮೊದಲು ಕೇಳಿಬರುವ ಹೆಸರು ನಿಮ್ಹಾನ್ಸ್. ಆ ಆಸ್ಪತ್ರೆ ಇರುವುದೂ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ. ಈಗ ಹತ್ತಿರದ ಕೃಷ್ಣಗಿರಿಯಲ್ಲೂ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ತಮಿಳುನಾಡಿನ ಗಡಿಯೊಳಗೆ ಅಪಘಾತವಾದವರು ಯಾವ ರಾಜ್ಯದವರಾದರೂ ಸರಿ, ಮೊದಲ 48 ಗಂಟೆಯ ಚಿಕಿತ್ಸೆಯನ್ನು ಸರ್ಕಾರವೇ ಭರಿಸುವ 'ಇನ್ನುಯಿರ್ ಕಾಪ್ಪೋಂ' ಯೋಜನೆ 2021ರ ಡಿಸೆಂಬರಿನಲ್ಲಿ ಶುರುವಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅನ್ವಯಿಸುವ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು: ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ. ಇವೆಲ್ಲ ಜೀವ ಉಳಿಸುವ ಏರ್ಪಾಡುಗಳು. ಹತ್ತು ವರ್ಷದ ಹಿಂದಿಗಿಂತ ಹೆಚ್ಚು ಜನ ಇವತ್ತು ಉಳಿದು ಮನೆಗೆ ಬರಬಲ್ಲರು ಎಂಬ ಭರವಸೆಯನ್ನಾದರೂ ಇವು ಕೊಟ್ಟಿವೆ.

ಮನೆಗೆ ಬಂದ ಮೇಲೆ ಏನು? ಈ ಲೇಖನ ಇರುವುದು ಆ ಪ್ರಶ್ನೆಯ ಬಗ್ಗೆ. ಮಿದುಳಿಗೆ ಪೆಟ್ಟು ಬಿದ್ದವರು ಪರಿಹಾರ ಕೇಳಲು ಹೋದಾಗ, ನಮ್ಮ ವ್ಯವಸ್ಥೆ ಅವರ ಗಾಯವನ್ನು ಆಸ್ಪತ್ರೆಯ ಕಾಗದದಲ್ಲಿ ಹುಡುಕುತ್ತದೆ. ಗಾಯ ಇರುವುದು ಅವರ ಮನೆಯಲ್ಲಿ. ಮನೆಯವರ ಮಾತು ಸಾಕ್ಷ್ಯವಾಗಿ ಅಪಘಾತ ಪರಿಹಾರದ ನ್ಯಾಯಮಂಡಳಿಯೊಳಗೆ ಹೋಗದಿದ್ದರೆ, ಸಿಗುವ ದುಡ್ಡು ಬೇರೊಂದು ಸಣ್ಣ ಗಾಯಕ್ಕೆ ಸಿಕ್ಕ ದುಡ್ಡಾಗುತ್ತದೆ.

ಒಬ್ಬರನ್ನು ಊಹಿಸಿಕೊಳ್ಳೋಣ. ತಳಿಯ ಕಡೆಯವರು, ವಯಸ್ಸು 32, ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸ, ತಿಂಗಳಿಗೆ 15,000 ರೂಪಾಯಿ. ಅಪಘಾತವಾಗಿ ಮೂರು ವಾರಕ್ಕೆ ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಪ್ರಜ್ಞೆ ಸರಿಯಿದೆ, ಹೇಳಿದ್ದಕ್ಕೆ ಸ್ಪಂದಿಸುತ್ತಾರೆ, ಗ್ಲಾಸ್ಗೋ ಅಳತೆಯಲ್ಲಿ 15ಕ್ಕೆ 15 ಎಂದು ಬರೆದಿದೆ. ಈ ಅಳತೆಯನ್ನು 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ನರಶಸ್ತ್ರಚಿಕಿತ್ಸಕರು ರೂಪಿಸಿದರು. ಕಣ್ಣು ಬಿಡುತ್ತಾರೆಯೇ, ಮಾತಾಡುತ್ತಾರೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾರೆಯೇ ಎಂಬ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಪ್ರಜ್ಞೆ ಎಷ್ಟಿದೆ ಎಂದು ಹೇಳುವುದಷ್ಟೇ ಅದರ ಕೆಲಸ, ಮತ್ತು ಆ ಕೆಲಸಕ್ಕೆ ಅದು ಬಹಳ ಒಳ್ಳೆಯದು. ಬುದ್ಧಿ, ನೆನಪು, ಸ್ವಭಾವ ಹೇಗಿವೆ ಎಂದು ಅದು ಹೇಳುವುದಿಲ್ಲ. ಹೇಳುತ್ತದೆಂದು ಅದನ್ನು ಮಾಡಿದವರೂ ಅಂದುಕೊಂಡಿರಲಿಲ್ಲ. ಆದರೂ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಎತ್ತಿ ತೋರಿಸಬಹುದಾದ ಸಾಲು ಅದೇ: ಬಿಡುಗಡೆಯ ದಿನ ಇವರು ಪೂರ್ತಿ ಸರಿಯಿದ್ದರು.

ಮನೆಯಲ್ಲಿ ಹೆಂಡತಿ ನೋಡುತ್ತಿರುವುದು ಬೇರೆ. ಹಾಲು ತರಲು ಹೋದವರು ಯಾಕೆ ಬಂದೆ ಎಂದು ಅಂಗಡಿಯ ಮುಂದೆ ನಿಲ್ಲುತ್ತಾರೆ. ಮಗು ಅತ್ತರೆ ಕೈ ಎತ್ತುತ್ತಾರೆ, ಮೊದಲು ಒಂದು ದಿನವೂ ಎತ್ತಿದವರಲ್ಲ. ಸಾರು ಸೀದುಹೋದ ವಾಸನೆ ತಿಳಿಯುವುದಿಲ್ಲ. ಗ್ಯಾಸು ಸೋರಿದರೂ ತಿಳಿಯುವುದಿಲ್ಲ. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಏಟಾದರೆ ಹೀಗಾಗುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಯೋಜನೆ ಹಾಕುವುದು, ಸಿಟ್ಟನ್ನು ತಡೆಯುವುದು, ಹಿಡಿದ ಕೆಲಸ ಮುಗಿಸುವುದು ಆ ಭಾಗದ ಹೊಣೆ. ವಾಸನೆಯ ನರಗಳು ಅದರ ಕೆಳಗೇ ತಲೆಬುರುಡೆಯ ಸಣ್ಣ ತೂತುಗಳ ಮೂಲಕ ಹಾದುಹೋಗುತ್ತವೆ, ಪೆಟ್ಟಿಗೆ ಹರಿದುಹೋಗುತ್ತವೆ. ಮಿದುಳಿನೊಳಗಿನ ನರತಂತುಗಳು ಜಗ್ಗಿ ತುಂಡಾದದ್ದು ಸಿ.ಟಿ. ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. 'ಸ್ಕ್ಯಾನ್ ನಾರ್ಮಲ್' ಎಂದು ಬರೆದ ಕಾಗದ ಹಿಡಿದುಕೊಂಡೇ ಒಬ್ಬ ಮನುಷ್ಯ ತನ್ನ ಕೆಲಸ, ಸ್ನೇಹಿತರು, ಸಂಸಾರದ ನೆಮ್ಮದಿ ಎಲ್ಲವನ್ನೂ ಕಳೆದುಕೊಳ್ಳಬಹುದು.

ಇದನ್ನು ಕಾನೂನು ಹೇಗೆ ನೋಡುತ್ತದೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅಂಗಗಳ ಪಟ್ಟಿ ಇತ್ತು: ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ, ಹೀಗೆ ಬೆರಳಿನ ಗೆಣ್ಣಿನವರೆಗೂ ಲೆಕ್ಕ. ಗಿರಣಿಗಳ ಕಾಲದ ಆ ಪಟ್ಟಿಗೆ ಅದರದೇ ನ್ಯಾಯ ಇತ್ತು. ಅದರಲ್ಲಿ ಮಿದುಳಿಗೆ ಜಾಗ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತು. ಪಾರ್ಕಿನ್ಸನ್ ಇದೆ, ಹಿಮೋಫಿಲಿಯಾ ಇದೆ, ಆಸಿಡ್ ದಾಳಿಗೆ ತುತ್ತಾದವರೂ ಇದ್ದಾರೆ. ಅಪಘಾತದಿಂದಾದ ಮಿದುಳಿನ ಗಾಯಕ್ಕೆ ಅಲ್ಲೂ ಪ್ರತ್ಯೇಕ ಹೆಸರಿಲ್ಲ. ಹಾಗಾಗಿ ಪ್ರಮಾಣಪತ್ರ ಕೊಡುವ ವೈದ್ಯರು ಅದನ್ನು ಬುದ್ಧಿಯ ನ್ಯೂನತೆಯ ಕೆಳಗೋ ಮಾನಸಿಕ ಕಾಯಿಲೆಯ ಕೆಳಗೋ ಕೈಕಾಲಿನ ದೌರ್ಬಲ್ಯದ ಕೆಳಗೋ ತಂದು ಕೂರಿಸಬೇಕು. ಕೈಕಾಲು ಆಡುತ್ತಿದೆ ಎಂದಾದರೆ ಶೇಕಡಾವಾರು ಸಹಜವಾಗಿಯೇ ಕೆಳಗಿಳಿಯುತ್ತದೆ.

ಶೇಕಡಾವಾರು ಇಳಿದರೆ ಆಗುವುದೇನೆಂದು ದುಡ್ಡಿನಲ್ಲೇ ನೋಡೋಣ. ತಿಂಗಳಿಗೆ 15,000 ಎಂದರೆ ವರ್ಷಕ್ಕೆ 1,80,000. ಕಾಯಂ ನೌಕರಿ ಇಲ್ಲದ, 40ರೊಳಗಿನವರಿಗೆ ಮುಂದೆ ಆಗಬಹುದಾಗಿದ್ದ ಏಳಿಗೆಗೆ ಶೇಕಡಾ 40 ಸೇರಿಸಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2017ರಲ್ಲಿ ಸಾವಿನ ಪ್ರಕರಣಗಳಿಗೆ ಹೇಳಿತು, 2020ರಲ್ಲಿ ಅದೇ ಕೋರ್ಟು ಗಾಯಾಳುಗಳಿಗೂ ಅದು ಸಲ್ಲುತ್ತದೆ ಎಂದಿತು. ಅಲ್ಲಿಗೆ 2,52,000. 31ರಿಂದ 35ರ ವಯಸ್ಸಿಗೆ ಗುಣಕ 16. ಒಟ್ಟು 40,32,000 ರೂಪಾಯಿ. ದುಡಿಮೆಯ ಶಕ್ತಿ ಪೂರ್ತಿ ಹೋಗಿದೆ ಎಂದಾದರೆ ಆದಾಯ ನಷ್ಟಕ್ಕೆ ಇಷ್ಟು ಸಿಗಬೇಕು. ಪ್ರಮಾಣಪತ್ರದಲ್ಲಿ ಶೇಕಡಾ 30 ಎಂದಿದೆ, ಅದನ್ನೇ ಹಾಗೇ ಎತ್ತಿಕೊಂಡರು ಎನ್ನಿ: 12,09,600. ಒಂದೇ ಮನುಷ್ಯ, ಒಂದೇ ಗಾಯ. ನಡುವಿನ 28 ಲಕ್ಷ ಚಿಲ್ಲರೆ ಹೋದದ್ದು ಒಂದು ಅಂಕಿಯ ಮೇಲೆ.

ಅಂಕಿಯನ್ನು ಹಾಗೆ ಎತ್ತಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 2010ರ ಅಕ್ಟೋಬರಿನಲ್ಲೇ ಸ್ಪಷ್ಟವಾಗಿ ಹೇಳಿದೆ. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ಆ ತೀರ್ಪಿನ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ದೇಹದ ನಷ್ಟ ಬೇರೆ, ದುಡಿಮೆಯ ನಷ್ಟ ಬೇರೆ ಎಂದು ಅದು ಬಿಡಿಸಿಟ್ಟಿತು. ಎಡಗೈ ಹೋದ ಚಾಲಕನೋ ಬಡಗಿಯೋ ದುಡಿಮೆಯನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಳ್ಳಬಹುದು. ಅದೇ ಎಡಗೈ ಹೋದ ಸರ್ಕಾರಿ ಗುಮಾಸ್ತರಿಗೆ ನೌಕರಿ ಉಳಿದೀತು. ಅಪಘಾತಕ್ಕೆ ಮುಂಚೆ ಏನು ಕೆಲಸ ಮಾಡುತ್ತಿದ್ದರು, ಈಗ ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದನ್ನು ನ್ಯಾಯಮಂಡಳಿಯೇ ವಿಚಾರಿಸಿ ತಿಳಿಯಬೇಕು, ಸುಮ್ಮನೆ ಕೂತು ನೋಡಬಾರದು ಎಂದೂ ಹೇಳಿತು. ಮಿದುಳಿನ ಗಾಯಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಕೈಯಿಲ್ಲದ ಚಾಲಕ ಬೇರೊಂದು ಕಸುಬು ಕಲಿತಾನು. ಹೊಸದನ್ನು ಕಲಿಯುವ ಶಕ್ತಿಯೇ ಹೋದವರು ಯಾವ ಕಸುಬಿಗೆ ಹೋಗಬೇಕು? ಅಪಘಾತದ ನಂತರ ಮೂರ್ಛೆ ಬರತೊಡಗಿದ ಲಾರಿ ಚಾಲಕರ ವಿಷಯ ನೋಡಿ. ಲೈಸೆನ್ಸಿನ ಮೊದಲ ನಮೂನೆಯಲ್ಲೇ ಮೂರ್ಛೆ ರೋಗ ಇದೆಯೇ ಎಂಬ ಪ್ರಶ್ನೆ ಇದೆ. ಮೈಯಲ್ಲಿ ಒಂದು ಗೀರೂ ಉಳಿದಿರದಿದ್ದರೂ ಅವರ ಕಸುಬು ಅಲ್ಲಿಗೆ ಮುಗಿಯಿತು.

ಹಾಗಾದರೆ ನ್ಯಾಯಮಂಡಳಿ ವಿಚಾರಿಸಬೇಕಾದದ್ದು ಯಾರನ್ನು? ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಖಂಡಿತ. ಅದರ ಜೊತೆಗೆ ನರಮನೋವಿಜ್ಞಾನಿಯ ಪರೀಕ್ಷೆಯ ವರದಿ ಬೇಕು. ನೆನಪು, ಗಮನ, ಕೆಲಸದ ವೇಗ, ನಿರ್ಧಾರ ಇವನ್ನೆಲ್ಲ ಗಂಟೆಗಟ್ಟಲೆ ಕೂರಿಸಿ ಅಳೆಯುವ ಪರೀಕ್ಷೆಗಳ ಗೊಂಚಲನ್ನು ನಿಮ್ಹಾನ್ಸಿನವರೇ ನಮ್ಮ ಜನರ ವಯಸ್ಸು, ಓದು, ಹೆಣ್ಣು-ಗಂಡು ಭೇದಕ್ಕೆ ತಕ್ಕಂತೆ 2004ರಲ್ಲಿ ಸಿದ್ಧಪಡಿಸಿದ್ದಾರೆ. ಈ ವರದಿ ಇಲ್ಲದೆ ಮಿದುಳು ಗಾಯದ ಕ್ಲೇಮು ನಡೆಸುವುದು ಎಕ್ಸ್‌ರೇ ಇಲ್ಲದೆ ಮೂಳೆ ಮುರಿತದ ಕ್ಲೇಮು ನಡೆಸಿದ ಹಾಗೆ. ಆದರೂ ಎಲ್ಲಕ್ಕಿಂತ ಮುಖ್ಯ ಸಾಕ್ಷಿಗಳು ಮನೆಯವರು. ಹೆಂಡತಿ, ತಾಯಿ, ಅಣ್ಣ, ಪಕ್ಕದ ಮನೆಯವರು, ಕಾರ್ಖಾನೆಯ ಸೂಪರ್‌ವೈಸರ್. 'ಮೊದಲಿನ ಹಾಗಿಲ್ಲ ಸಾರ್' ಎಂಬ ಒಂದು ಮಾತು ಸಾಲದು. ಯಾವ ದಿನ ಏನಾಯಿತು, ಕೆಲಸಕ್ಕೆ ವಾಪಸು ಹೋದಾಗ ಎಷ್ಟು ದಿನ ನಿಂತರು, ಯಾಕೆ ಬಿಡಿಸಿದರು, ಮಾತ್ರೆ ಯಾರು ಕೊಡಬೇಕು, ರಾತ್ರಿ ಯಾರು ಎದ್ದಿರಬೇಕು ಎಂದು ಒಂದೊಂದಾಗಿ ಬರಬೇಕು. ಮೊದಲ ತಿಂಗಳಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಇವನ್ನು ಬರೆದಿಡುತ್ತಾ ಬಂದರೆ ಸಾಕ್ಷಿಕಟ್ಟೆಯಲ್ಲಿ ನಿಂತಾಗ ತಡವರಿಸುವುದು ತಪ್ಪುತ್ತದೆ.

ಗಡಿಯ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಎಫ್.ಐ.ಆರ್. ತಮಿಳಿನಲ್ಲಿದೆ. ಮೊದಲು ಹೋದ ಸರ್ಕಾರಿ ಆಸ್ಪತ್ರೆಯ ಅಪಘಾತ ದಾಖಲೆಯ (ಎ.ಆರ್.) ಕಾಪಿ ಅಲ್ಲೇ ಉಳಿದಿದೆ. ಸ್ಕ್ಯಾನು, ಶಸ್ತ್ರಚಿಕಿತ್ಸೆಯ ದಾಖಲೆಗಳು ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಬಿದ್ದಿವೆ. ಗಾಯದ ನಿಜವಾದ ಕಥೆ ಡೆಂಕಣಿಕೋಟೆಯ ಅಥವಾ ಅಂಚೆಟ್ಟಿಯ ಮನೆಯಲ್ಲಿ ಕನ್ನಡದಲ್ಲಿದೆ. ಕೇಸು ಎಲ್ಲಿ ಹಾಕಬೇಕು? 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಇದರಲ್ಲಿ ಉದಾರವಾಗಿದೆ: ಅಪಘಾತವಾದ ಜಾಗ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಜಾಗ, ಎದುರುದಾರರು ವಾಸಿಸುವ ಜಾಗ, ಇವುಗಳಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಶೂಲಗಿರಿಯ ಬಳಿ ಅಪಘಾತಕ್ಕೆ ಸಿಕ್ಕ ಆನೇಕಲ್ಲಿನವರು ಕರ್ನಾಟಕದಲ್ಲೇ ಪರಿಹಾರದ ಅರ್ಜಿ (ಅಲ್ಲಿ ಅದಕ್ಕೆ ಎಂ.ವಿ.ಸಿ. ಎನ್ನುತ್ತಾರೆ) ಹಾಕಬಹುದು. ಅತ್ತಿಬೆಲೆಯಲ್ಲಿ ಗಾಯಗೊಂಡ ಹೊಸೂರಿನವರು ತಮ್ಮ ಊರಿನಲ್ಲೇ ಅದನ್ನು (ತಮಿಳುನಾಡಿನಲ್ಲಿ ಎಂ.ಸಿ.ಒ.ಪಿ.) ಹಾಕಬಹುದು. ವಕೀಲರು ಸಾಮಾನ್ಯವಾಗಿ ತಮಗೆ ಹತ್ತಿರದ ಕೋರ್ಟನ್ನೋ ಹೆಚ್ಚು ಕೊಡುತ್ತದೆಂದು ಪ್ರತೀತಿಯಿರುವ ಕೋರ್ಟನ್ನೋ ಸೂಚಿಸುತ್ತಾರೆ. ಮಿದುಳು ಗಾಯದ ಪ್ರಕರಣದಲ್ಲಿ ಆಯ್ಕೆ ಇರುವವರು ಒಂದು ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕೆಂದು ನನಗನ್ನಿಸುತ್ತದೆ: ಮನೆಯಾಕೆ ತನ್ನ ಮಾತಿನಲ್ಲೇ ಎಲ್ಲಿ ಸಾಕ್ಷಿ ಹೇಳಬಲ್ಲಳು, ಅದು ದಾಖಲೆಗೆ ಎಲ್ಲಿ ಸರಿಯಾಗಿ ಇಳಿದೀತು? ಬೆಂಗಳೂರಿನ ವೈದ್ಯರು ಹೊಸೂರಿಗೆ ಬಂದಾರೆಯೇ ಎಂಬ ಆತಂಕಕ್ಕೆ ಅದೇ 2010ರ ತೀರ್ಪಿನಲ್ಲಿ ದಾರಿಯಿದೆ. ವೈದ್ಯರಿಗೆ ನಿಶ್ಚಿತ ಸಮಯ ಕೊಟ್ಟು ಕಾಯಿಸದೆ ಕಳುಹಿಸಬಹುದು, ಕಮಿಷನರನ್ನು ನೇಮಿಸಿ ಅವರಿರುವಲ್ಲೇ ಹೇಳಿಕೆ ಪಡೆಯಬಹುದು.

ಅವಸರ ಎಂಬುದು ಇನ್ನೊಂದು ಅಪಾಯ. 2019ರ ತಿದ್ದುಪಡಿಯಿಂದ, 2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು ಬಂದಿದೆ. ಆ ಗಡುವಿನ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದೆ ಹೋಗಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಆದರೂ ಅದನ್ನು ನಂಬಿಕೊಂಡು ಕೂರುವುದು ಜಾಣತನವಲ್ಲ. ಅರ್ಜಿಯನ್ನು ಬೇಗ ಹಾಕಬೇಕು. ಮುಗಿಸುವುದಕ್ಕೆ ಮಾತ್ರ ಅವಸರಪಡಬಾರದು. ಮಿದುಳಿನ ಚೇತರಿಕೆ ಮೊದಲ ಆರು ತಿಂಗಳು, ಒಂದು ವರ್ಷ ನಡೆಯುತ್ತಲೇ ಇರುತ್ತದೆ. ಏನು ಉಳಿಯಿತು, ಏನು ಹೋಯಿತು ಎಂದು ಅದಕ್ಕೆ ಮುಂಚೆ ಯಾರೂ ಖಚಿತವಾಗಿ ಹೇಳಲಾರರು. ಹೊಸ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ವಿವರವಾದ ವರದಿ ನ್ಯಾಯಮಂಡಳಿಗೆ ಕೊಡಬೇಕು, ವಿಮಾ ಕಂಪನಿ 30 ದಿನದಲ್ಲಿ ತನ್ನ ಮೊತ್ತ ಹೇಳಬೇಕು. ಮೂಳೆ ಮುರಿದವರಿಗೆ ಇದು ವರ. ತಲೆಗೆ ಪೆಟ್ಟು ಬಿದ್ದವರ ಮನೆಗೆ ಇದೇ ವೇಗ ಉರುಳಾಗಬಹುದು. ಸಾಲ ಮೈಮೇಲಿದೆ, ಲೋಕ ಅದಾಲತ್ತಿನಲ್ಲಿ ಇವತ್ತೇ ಚೆಕ್ಕು ಎನ್ನುತ್ತಾರೆ, ಸಹಿ ಬೀಳುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ. ಎರಡು ವರ್ಷದ ನಂತರ ಮೂರ್ಛೆ ಶುರುವಾದರೆ ಆ ಮನೆಯವರು ಯಾವ ಬಾಗಿಲಿಗೂ ಹೋಗುವಂತಿಲ್ಲ. ಇಷ್ಟರ ಮೇಲೆ, ಬಂದದ್ದರಲ್ಲಿ ಇಷ್ಟು ಪಾಲು ನನಗೆ ಎಂದು ಮೊದಲೇ ಮಾತಾಡಿಕೊಳ್ಳುವ ಮಧ್ಯವರ್ತಿಗಳಿದ್ದಾರೆ. ಫಲಿತಾಂಶಕ್ಕೆ ತಕ್ಕ ಶುಲ್ಕವನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಹೆಂಗಸರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ ಎಂಬುದು ಹಳ್ಳಿಗಳಿಗೆ ಇನ್ನೂ ತಲುಪಿಲ್ಲ.

ಇದಕ್ಕೆಲ್ಲ ಎದುರಾಗುವ ಒಂದು ಆಕ್ಷೇಪ ಗಂಭೀರವಾದದ್ದು, ಅದನ್ನು ತಳ್ಳಿಹಾಕಲಾಗದು. ನೆನಪಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು; ಹೆಂಡತಿ ಹೌದೆನ್ನಬಹುದು; ಸುಳ್ಳು ಕ್ಲೇಮುಗಳು ದೇಶದಲ್ಲಿ ಕಡಿಮೆಯೇನಿಲ್ಲ, ಅವುಗಳ ತನಿಖೆಗೆ ವಿಶೇಷ ತಂಡಗಳೇ ರಚನೆಯಾಗಿವೆ. ಆ ದುಡ್ಡು ಕೊನೆಗೆ ಬರುವುದು ಎಲ್ಲರೂ ಕಟ್ಟುವ ವಿಮೆಯ ಕಂತಿನಿಂದ. ನಿಜ. ಆದರೆ ಸುಳ್ಳನ್ನು ಹಿಡಿಯುವ ದಾರಿ ಇರುವುದೂ ಹೆಚ್ಚು ಸಾಕ್ಷ್ಯ ಕೇಳುವುದರಲ್ಲೇ. ನರಮನೋವಿಜ್ಞಾನದ ಪರೀಕ್ಷೆಗಳಲ್ಲಿ ಬೇಕೆಂದೇ ತಪ್ಪು ಮಾಡುವವರನ್ನು ಗುರುತಿಸುವ ಉಪಾಯಗಳಿವೆ: ನಿಜವಾಗಿ ನೆನಪು ಕೆಟ್ಟವರೂ ಸರಿಯಾಗಿ ಮಾಡುವ ಸುಲಭದ ಪ್ರಶ್ನೆಯನ್ನು ನಟಿಸುವವರು ತಪ್ಪು ಮಾಡುತ್ತಾರೆ. ಕಾರ್ಖಾನೆಯ ಹಾಜರಿ ಪುಸ್ತಕ, ವಿದ್ಯಾರ್ಥಿಯಾದರೆ ಹಿಂದಿನ ಮತ್ತು ಈಗಿನ ಅಂಕಪಟ್ಟಿ, ಮೊದಲ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿತ್ತೆಂದು ಬರೆದ ಸಾಲು ಇವೆಲ್ಲ ಒಂದಕ್ಕೊಂದು ಹೊಂದಬೇಕು. ಮನೆಯವರ ಮಾತನ್ನು ಪಾಟೀಸವಾಲಿಗೆ ಒಡ್ಡಬಹುದು. ಒಂದು ಪ್ರಮಾಣಪತ್ರದ ಅಂಕಿಯನ್ನು ನಂಬಿ ಮುಗಿಸುವ ಪದ್ಧತಿಯಲ್ಲಿ ಸುಳ್ಳುಗಾರನಿಗೆ ಕೆಲಸ ಸುಲಭ, ಸಾಚಾ ಗಾಯಾಳುವಿಗೆ ಕಷ್ಟ.

ಇಷ್ಟು ಹೊತ್ತು ಗಾಯಗೊಂಡವರ ದುಡಿಮೆಯ ಮಾತಾಯಿತು. ಅವರನ್ನು ನೋಡಿಕೊಳ್ಳುವವರ ದುಡಿಮೆ? 2007ರಲ್ಲಿ ಹರಿಯಾಣದಲ್ಲಿ ತಂದೆತಾಯಿಯ ಜೊತೆ ಟ್ರಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿಗೆ ಲಾರಿ ಡಿಕ್ಕಿಯಾಗಿ ಮಿದುಳು ಹಾಳಾಯಿತು. ಅವಳ ಸಾಮಾಜಿಕ ವಯಸ್ಸು ಒಂಬತ್ತು ತಿಂಗಳ ಮಗುವಿನಷ್ಟು ಎಂದು ವೈದ್ಯರು ಬರೆದರು. ನ್ಯಾಯಮಂಡಳಿ 11 ಲಕ್ಷ ಚಿಲ್ಲರೆ ಕೊಟ್ಟಿತು, ಹೈಕೋರ್ಟು ಅದನ್ನು 25 ಲಕ್ಷ ಚಿಲ್ಲರೆಗೆ ಏರಿಸಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು 62,27,000 ರೂಪಾಯಿ ಮಾಡಿತು. ನ್ಯಾಯಮೂರ್ತಿ ದೀಪಕ್ ಗುಪ್ತಾ ಬರೆದ ಆ ತೀರ್ಪಿನಲ್ಲಿ ಅತಿ ದೊಡ್ಡ ಭಾಗಗಳಲ್ಲೊಂದು ನೋಡಿಕೊಳ್ಳುವವರದು. ಒಬ್ಬರು ದಿನಕ್ಕೆ 24 ಗಂಟೆ ದುಡಿಯಲಾರರು, ಆದ್ದರಿಂದ ಇಬ್ಬರು ಬೇಕು. ತಿಂಗಳಿಗೆ ತಲಾ 5,000 ರೂಪಾಯಿಯಂತೆ ವರ್ಷಕ್ಕೆ 1,20,000, ಅದಕ್ಕೆ ಗುಣಕ 18, ಒಟ್ಟು 21,60,000. ಮೊತ್ತ ಸಾಲದು ಎನ್ನುವವರಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ತತ್ವ ಗಟ್ಟಿಯಾಯಿತು: ಆರೈಕೆ ಎಂಬುದು ತಿಂಗಳ ಸಂಬಳ, ಆಯುಷ್ಯದುದ್ದಕ್ಕೂ.

ಈ ತತ್ವ ಜಿಲ್ಲಾ ಮಟ್ಟಕ್ಕೆ ಇಳಿಯುವಾಗ ಸವೆಯುತ್ತದೆ. 'ಪರಿಚಾರಕರ ವೆಚ್ಚ' ಎಂಬ ತಲೆಬರಹದ ಕೆಳಗೆ ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಒಂದಿಷ್ಟು ಹಾಕಿ ಮುಗಿಸುವ ರೂಢಿಯನ್ನು ತೀರ್ಪುಗಳಲ್ಲಿ ನೋಡುತ್ತೇವೆ. ಮನೆಯಾಕೆ ಹೇಗೂ ಮನೆಯಲ್ಲೇ ಇದ್ದಾಳೆ, ಗಂಡನನ್ನು ನೋಡಿಕೊಳ್ಳುವುದು ಅವಳ ಧರ್ಮ ಎಂಬ ಭಾವನೆ ಅದರ ಹಿಂದಿದೆ. ಹೊಸೂರಿನ ಸುತ್ತಲಿನ ಹೆಂಗಸರು ಮನೆಯಲ್ಲಿ ಸುಮ್ಮನಿರುವವರಲ್ಲ. ಗುಲಾಬಿ ತೋಟಕ್ಕೆ ಹೋಗುತ್ತಾರೆ, ಟೊಮೇಟೊ ಬಿಡಿಸುತ್ತಾರೆ, ಕಾರ್ಖಾನೆಯ ಬಸ್ಸು ಹತ್ತುತ್ತಾರೆ. ಗಂಡನ ಮಿದುಳಿಗೆ ಪೆಟ್ಟು ಬಿದ್ದ ದಿನ ಆ ಮನೆಯ ಎರಡು ಸಂಪಾದನೆಗಳು ನಿಲ್ಲುತ್ತವೆ. ನಮ್ಮ 32 ವರ್ಷದವರ ಲೆಕ್ಕಕ್ಕೇ ಮರಳಿದರೆ, ತಿಂಗಳಿಗೆ 10,000 ರೂಪಾಯಿಯ ಆರೈಕೆ ಎಂದು ಹಿಡಿದರೂ 16ರ ಗುಣಕದಲ್ಲಿ 19,20,000 ಆಗುತ್ತದೆ. ಅರ್ಜಿಯಲ್ಲಿ ಕೇಳದೇ ಹೋದರೂ ನ್ಯಾಯಮಂಡಳಿ ಕೊಡಬಹುದು. ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟು ಎರಡು ದಶಕದ ಹಿಂದೆಯೇ ಹೇಳಿದೆ.

ಎರಡು ದಶಕದ ಹಿಂದಿನ ಅದೇ ತೀರ್ಪಿನಲ್ಲಿ ಕಹಿಯಾದ ಇನ್ನೊಂದು ಮಾತೂ ಇದೆ. ಅಂತಿಮ ಆದೇಶ ಆದ ಮೇಲೆ ಮತ್ತೊಂದು ಆದೇಶ ಮಾಡಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿಲ್ಲ. ಮುಂದಿನ ಮೂವತ್ತು ವರ್ಷದ ಚಿಕಿತ್ಸೆ, ಆರೈಕೆ, ಬೆಲೆಯೇರಿಕೆ ಎಲ್ಲವನ್ನೂ ಇವತ್ತೇ ಊಹಿಸಿ ಒಂದೇ ಗಂಟಿನಲ್ಲಿ ಕಟ್ಟಿಕೊಡಬೇಕು. ಗಾಯಾಳು ಬೇಗ ತೀರಿಕೊಂಡರೆ ವಿಮಾ ಕಂಪನಿಗೆ ನಷ್ಟ, ಹೆಚ್ಚು ಬದುಕಿದರೆ ಮನೆಯವರಿಗೆ ನಷ್ಟ. ಇಂಗ್ಲೆಂಡಿನಲ್ಲಿ 2005ರಿಂದ ಇಂಥ ದೊಡ್ಡ ಗಾಯಗಳಿಗೆ ಬದುಕಿರುವವರೆಗೂ ಕಂತುಕಂತಾಗಿ ಹಣ ಕೊಡುವಂತೆ ಆದೇಶಿಸುವ ಅಧಿಕಾರ ನ್ಯಾಯಾಲಯಗಳಿಗಿದೆ, ಬೆಲೆಯೇರಿಕೆಗೆ ತಕ್ಕಂತೆ ಕಂತೂ ಏರುತ್ತದೆ. ನ್ಯೂಜಿಲೆಂಡ್ 1974ರಲ್ಲೇ ಯಾರ ತಪ್ಪು ಎಂಬ ಪ್ರಶ್ನೆಯನ್ನೇ ಕೈಬಿಟ್ಟು ಅಪಘಾತದ ಗಾಯಾಳುಗಳಿಗೆಲ್ಲ ಚಿಕಿತ್ಸೆ, ಆರೈಕೆ, ವಾರದ ಆದಾಯ ಒದಗಿಸುವ ವ್ಯವಸ್ಥೆ ಮಾಡಿತು. ನ್ಯೂಜಿಲೆಂಡಿನ ದಾರಿ ನಮಗೆ ಸದ್ಯಕ್ಕೆ ದೂರ. ಇಂಗ್ಲೆಂಡಿನದು ದೂರವಿಲ್ಲ, ಕಾಯ್ದೆಗೆ ಒಂದು ಕಲಂ ಸೇರಿಸಿದರೆ ಆಗುತ್ತದೆ.

ಆ ಕಲಂ ಬರುವವರೆಗೆ ಎರಡು ಕೆಲಸಗಳನ್ನು ದೆಹಲಿಯನ್ನು ಕಾಯದೆ ಇಲ್ಲೇ ಮಾಡಬಹುದು. ತಮಿಳುನಾಡು ಮತ್ತು ಕರ್ನಾಟಕದ ಕಾನೂನು ಸೇವೆಗಳ ಪ್ರಾಧಿಕಾರಗಳು, ತಲೆಗೆ ಗಂಭೀರ ಪೆಟ್ಟು ಬಿದ್ದವರ ಪ್ರಕರಣವನ್ನು ನರಮನೋವಿಜ್ಞಾನಿಯ ವರದಿ ಕಡತದಲ್ಲಿಲ್ಲದೆ ಲೋಕ ಅದಾಲತ್ತಿಗೆ ತೆಗೆದುಕೊಳ್ಳಬಾರದು ಎಂದು ಸೂಚನೆ ಹೊರಡಿಸಲಿ. ಮತ್ತು ಆ ವರದಿಗಾಗಿ ಅಂಚೆಟ್ಟಿಯಿಂದ ಗಾಯಾಳುವನ್ನು ಕರೆದುಕೊಂಡು ಬೆಂಗಳೂರಿಗೆ ಅಲೆಯುವುದು ತಪ್ಪಲಿ. ಕೃಷ್ಣಗಿರಿಯ ವೈದ್ಯಕೀಯ ಕಾಲೇಜಿನಲ್ಲಿ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಪರೀಕ್ಷೆ ಮಾಡಬಲ್ಲ ನರಮನೋವಿಜ್ಞಾನಿಯೊಬ್ಬರ ಹುದ್ದೆ ತೆರೆಯಲಿ. ಜಿಲ್ಲೆಯ ಜನ ಮನೆಯಲ್ಲಿ ಆಡುವ ಮಾತುಗಳು ಅವೇ.